ಎಡಗೈ ಗಂಟು

ಮೀನು ಕೊಯ್ದ ಮೇಲೆ ಉಳಿಯುವ ತಲೆ, ಕಿವಿರು, ಕರುಳುಗಳನ್ನು ತಿಪ್ಪೆಗೆ ಎಸೆಯುವ ಪದ್ಧತಿ ಸಣ್ಣಿಯ ಮನೆಯಲ್ಲಿ ಇರಲಿಲ್ಲ. ಸಾಗವಾನಿ ಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಗಂಟು ಹಾಕಿ, ಇಳಿತದ ಹೊತ್ತಿಗೆ ಶರಾವತಿಗೆ ಬಿಡಬೇಕು. ಹೊಳೆಯದು ಹೊಳೆಗೆ, ಕಡಲಿನದು ಕಡಲಿಗೆ. ಹೊನ್ನಾವರದ ಎದುರು ದಂಡೆಯಲ್ಲಿ, ಹೊಳೆ ಕಡಲನ್ನು ಸೇರುವ ಅಳಿವೆಯ ಹತ್ತಿರ ಇದ್ದ ಆ ಮನೆಗೆ ಹಿರಿಸೊಸೆಯಾಗಿ ಬಂದ ಮೊದಲ ವಾರವೇ ಮಂಜಿ ಇದನ್ನು ಅತ್ತೆಯಿಂದ ಕಲಿತಳು. ಮಂಜಿ ಎಡಚಿ. ಅವಳು ಹಾಕಿದ ಗಂಟು ಉಳಿದವರ ಗಂಟಿಗೆ ಉಲ್ಟಾ ಸುತ್ತುತ್ತಿತ್ತು. ಸಣ್ಣಿ ನಾಲ್ಕು ದಿನ ಗೊಣಗಿ, ನೀರಿಗೆ ಹೋಗುವ ಗಂಟಿಗೆ ಎಡವೇನು ಬಲವೇನು ಎಂದು ಸುಮ್ಮನಾದಳು.

ಎಂಬತ್ತೊಂದರಲ್ಲಿ ಭಟ್ಕಳದ ಪೇಟೆಗೆ ಹೋಗಿದ್ದ ಮಂಜಿ ಪ್ಲಾಸ್ಟಿಕ್ ಕೊಟ್ಟೆಗಳ, ಅಂದರೆ ಕೈಚೀಲಗಳ, ಒಂದು ದೊಡ್ಡ ಕಟ್ಟು ತಂದಳು. ಬುಟ್ಟಿ ಹೊತ್ತು ಹೊನ್ನಾವರದ ಮನೆಮನೆಗೆ ಮೀನು ಮಾರುವವಳು ಅವಳು. ಎಲೆಯಲ್ಲಿ ಕಟ್ಟಿಕೊಟ್ಟರೆ ನೀರು ಸೋರಿ ಸೀರೆಗೆ ತಾಗುತ್ತದೆಂದು ಮೂಗು ಮುರಿಯುತ್ತಿದ್ದ ಗಿರಾಕಿಗಳು ಕೊಟ್ಟೆ ಕಂಡು ಹಿಗ್ಗಿದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಮನೆಗೂ ಒಂದೊಂದಾಗಿ ಬಂತು. ನೀಲಿ ಕೊಡ ಬಂತು, ಕೆಂಪು ಬಕೆಟ್ಟು ಬಂತು, ಬಟ್ಟೆ ಒಣಗಿಸಲು ನೈಲಾನ್ ಹಗ್ಗ ಬಂತು. ಮಡಕೆ ಒಡೆಯುತ್ತದೆ, ಇದು ಒಡೆಯುವುದಿಲ್ಲ. ಎಲೆಗೆ ಗುಡ್ಡ ಹತ್ತಬೇಕು, ಇದಕ್ಕೆ ಕೈ ಚಾಚಿದರೆ ಸಾಕು. ಹಗಲಿಡೀ ಬಿಸಿಲಲ್ಲಿ ಬುಟ್ಟಿ ಹೊರುವ ಹೆಂಗಸಿಗೆ ಅಷ್ಟು ಸುಖ ಬೇಡವೇ ಎಂದು ಕೇಳಿದರೆ ಬೇಡ ಅನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಹೊಳೆಗೆ ಬಿಡುವ ಗಂಟಿಗೂ ಆಗಲೇ ಎಲೆ ಹೋಗಿ ಕೊಟ್ಟೆ ಬಂತು. ಮೀನಿನ ಕರುಳನ್ನು ಕೊಟ್ಟೆಯೊಳಗೆ ಹಾಕಿ, ಅದರ ಎರಡು ಕಿವಿಗಳನ್ನು ಎಳೆದು ಎರಡು ಸುತ್ತು ಬಿಗಿದು, ಬಾಲವನ್ನು ಒಳಗೆ ತುರುಕಿ, ಇಳಿತ ನೋಡಿ ಬಿಡುತ್ತಿದ್ದಳು. ದಿನಾ ಒಂದು. ಪದ್ಧತಿ ತಪ್ಪಿಸಿದೆ ಎಂದು ಯಾರೂ ಅವಳ ಕಡೆ ಬೆರಳು ತೋರಿಸುವಂತಿರಲಿಲ್ಲ. ಎಲೆ ನೀರಲ್ಲಿ ಕೊಳೆತು ಬಿಚ್ಚಿಕೊಳ್ಳುತ್ತದೆ, ಒಳಗಿದ್ದದ್ದನ್ನು ಮೀನು ತಿನ್ನುತ್ತದೆ, ಪದ್ಧತಿ ಇದ್ದದ್ದೇ ಅದಕ್ಕಾಗಿ ಎಂಬುದು ಮಾತ್ರ ಅವಳಿಗೂ ಹೊಳೆಯಲಿಲ್ಲ, ಕಲಿಸಿದ ಅತ್ತೆಗೂ ಹೊಳೆಯಲಿಲ್ಲ. ಸೋಮಾರಿ ಹೆಂಗಸಾಗಿದ್ದರೆ ತಿಪ್ಪೆಗೆ ಎಸೆದು ಬದುಕಿಕೊಳ್ಳುತ್ತಿದ್ದಳು. ಮಂಜಿಯನ್ನು ಕೆಡಿಸಿದ್ದು ಅವಳ ನಿಯತ್ತು.

ಎಂಬತ್ತನಾಲ್ಕರ ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದಿದ್ದವು. ಮಂಜಿಯ ಗಂಡ ಈರ, ಅವನ ತಮ್ಮ ನಾಗ, ನೆರೆಮನೆಯ ದಾಸ ಮೂವರೂ ಸೇರಿ ಹಿಂದಿನ ವರ್ಷವಷ್ಟೇ ತಮ್ಮ ದೋಣಿಗೆ ಮೋಟಾರು ಕೂರಿಸಿದ್ದರು. ನವರಾತ್ರಿಗೆ ವಾರವಿತ್ತು. ಬೆಳಗಿನ ಹೊತ್ತು ದೋಣಿ ಅಳಿವೆಯ ನಡುವೆ ಇದ್ದಾಗ ಮೋಟಾರು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಹುಟ್ಟು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ದೋಣಿ ಅಡ್ಡ ತಿರುಗಿತು, ಎರಡನೇ ತೆರೆ ಅದನ್ನು ಮಗುಚಿತು. ದಾಸ ಈಜಿ ಬಂದ. ಈರನ ಕೈಗೆ ತಮ್ಮನ ಅಂಗಿಯ ತೋಳು ಸಿಕ್ಕಿತ್ತು. ದಡಕ್ಕೆ ಬಂದಾಗ ಮುಷ್ಟಿಯಲ್ಲಿ ಉಳಿದದ್ದು ಆ ತೋಳು ಮಾತ್ರ.

ಮಧ್ಯಾಹ್ನದ ಹೊತ್ತಿಗೆ ದೋಣಿಯನ್ನು ಎಳೆದು ಮರಳಿನ ಮೇಲೆ ಹಾಕಿದರು. ಜನರೆಲ್ಲ ನೀರಿನ ಕಡೆ ನೋಡುತ್ತ ನಿಂತಿದ್ದರು. ಫ್ಯಾನಿಗೆ ಎಂತದೋ ಸುತ್ತಿಕೊಂಡು ಮೋಟಾರು ನಿಂತಿತು ಎಂದು ದಾಸ ನಡುಗುತ್ತ ಹೇಳುತ್ತಿದ್ದುದನ್ನು ಕೇಳಿ ಮಂಜಿ ಒಬ್ಬಳು ದೋಣಿಯ ಹಿಂದಕ್ಕೆ ಹೋದಳು. ನೀರು ತಳ್ಳುವ ಮೋಟಾರಿನ ಫ್ಯಾನಿನ ಬುಡಕ್ಕೆ ಪ್ಲಾಸ್ಟಿಕ್ ಹುರಿಗೊಂಡು ಬಿಗಿದಿತ್ತು. ಚಿಂದಿಯಾಗಿತ್ತು, ಆದರೆ ಗಂಟು ಹಾಗೇ ಇತ್ತು. ಎಡಕ್ಕೆ ಎರಡು ಸುತ್ತು, ಬಾಲ ಒಳಗೆ. ಗಂಟಿನ ಕೆಳಗೆ ಹಿಂದಿನ ಸಂಜೆ ಅವಳೇ ಕತ್ತರಿಸಿದ್ದ ಬಂಗಡೆಯ ತಲೆಯೊಂದು ಕಣ್ಣು ಬಿಟ್ಟುಕೊಂಡು ಕೂತಿತ್ತು.

ಅವಳು ಅದನ್ನು ಉಗುರಿನಿಂದ, ಹಲ್ಲಿನಿಂದ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಓಡಿದಳು. ಒಲೆಯಲ್ಲಿ ಕೆಂಡವಿತ್ತು, ಅದರೊಳಗೆ ತುರುಕಿದಳು. ಅದು ಎಲೆಯ ಹಾಗೆ ಉರಿದು ಬೂದಿಯಾಗಲಿಲ್ಲ, ಕರಗಿ ತೊಟ್ಟಿಕ್ಕಿ ಒಲೆಯ ಕಲ್ಲಿಗೆ ಅಂಟಿಕೊಂಡಿತು. ಅಂಗೈ ಅಗಲದ ಕಪ್ಪು ಕಲೆ. ಆಮೇಲೆ ಕತ್ತಿಯಿಂದ ಹೆರೆದಳು, ಬೂದಿ ಹಾಕಿ ತಿಕ್ಕಿದಳು. ಹೋಗಲಿಲ್ಲ. ಅಂದಿನಿಂದ ಆ ಒಲೆಯ ಮೇಲೆ ಬೆಂದ ಅನ್ನದಲ್ಲೆಲ್ಲ ಅವಳಿಗೆ ಅದೇ ವಾಸನೆ ಬರುತ್ತಿತ್ತು. ಉಳಿದವರು ಎಂದಿನಂತೆ ಉಣ್ಣುತ್ತಿದ್ದರು.

ಮೂರನೇ ದಿನ ನಾಗನ ಹೆಣ ಸಿಕ್ಕಿತು. ಸುಟ್ಟು ಬಂದು ಜನ ಅಂಗಳದಲ್ಲಿ ಕೂತಿದ್ದಾಗ ಸಣ್ಣಿ ಬಾಯಿ ತೆರೆದಳು. ಆ ಮನೆಯಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಗಂಡಸರು ಅಳಿವೆ ದಾಟುವವರೆಗೆ ಅಂಗಳ ಗುಡಿಸಬಾರದು. ಅಂದು ಕೋಳಿ ಹೊಲಸು ಮಾಡಿತ್ತೆಂದು ನಾಗನ ಹೆಂಡತಿ ಕಮಲಿ ಪೊರಕೆಯಿಂದ ಎರಡು ಗೀರು ಗುಡಿಸಿದ್ದಳು.

"ಗಂಡ್ಸ್ರು ಅಳ್ವೆ ದಾಟೂಕೆ ಮುಂಚೆ ಇವ್ಳು ಅಂಗಳಕ್ಕೆ ಹಿಡಿ ಮುಟ್ಸಿದ್ಲು," ಎಂದಳು ಸಣ್ಣಿ. "ನಾ ಕಣ್ಣಾರೆ ಕಂಡಿದ್ದೆ."

ಕಮಲಿಗೆ ಆಗ ಇಪ್ಪತ್ತೆರಡು. ಅವಳು ಇಲ್ಲವೆನ್ನಲಿಲ್ಲ, ಅಳಲೂ ಇಲ್ಲ. ಹೌದು, ಗುಡಿಸಿದೆ ಎಂದು ತಲೆಯಾಡಿಸಿದಳು. ಮೋಟಾರು ಯಾಕೆ ನಿಂತಿತೆಂದು ಮತ್ತೆ ಯಾರೂ ದಾಸನನ್ನು ಕೇಳಲಿಲ್ಲ, ಕೇಳುವ ಅಗತ್ಯವೇ ಉಳಿದಿರಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಮಂಜಿಯ ಬಾಯಿಯ ತುದಿಗೆ ಮಾತು ಬಂದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಸತ್ತವನು ಗಂಡನ ಒಡಹುಟ್ಟಿದವನು, ಅತ್ತೆಯ ಕಿರಿಮಗ. ಇವತ್ತು ಬೇಡ, ನಾಳೆ ಹೇಳುತ್ತೇನೆ ಎಂದುಕೊಂಡಳು.

ನಾಳೆ ಎಂಬುದು ಒಂದು ವರ್ಷ ಎಳೆಯಿತು. ಆ ವರ್ಷದಲ್ಲಿ ಕಮಲಿ ಕರಗಿಹೋದಳು. ಹಿತ್ತಿಲ ಬಾಗಿಲಲ್ಲಿ ಹೊಳೆಗೆ ಮುಖ ಮಾಡಿ ಕೂರುವಳು, ಕರೆದರೆ ಬಂದು ಉಣ್ಣುವಳು, ಕರೆಯದಿದ್ದರೆ ಇಲ್ಲ. ಬೀದಿಯ ಹೆಂಗಸರು ತಮ್ಮ ಗಂಡಂದಿರ ದೋಣಿ ಹೊರಡುವ ಹೊತ್ತಿಗೆ ಅವಳ ಮುಖ ಕಾಣದಂತೆ ಸುತ್ತು ಬಳಸಿ ಹೋಗುತ್ತಿದ್ದರು. ಎರಡು ಸಲ ಅವಳು ಏರುವ ಭರತದ ನೀರಿಗೆ ಸೊಂಟದವರೆಗೆ ಇಳಿದು ನಿಂತಿದ್ದಳು. ಎರಡು ಸಲವೂ ಮಂಜಿಯೇ ಹೋಗಿ ರಟ್ಟೆ ಹಿಡಿದು ಕರೆತಂದಳು. ಎರಡನೇ ಸಲ ಕಮಲಿ ಅವಳ ಹೆಗಲಿಗೆ ಹಣೆ ಒತ್ತಿ, "ಅಕ್ಕ, ನೀ ಒಬ್ಳೇ ನಂಗೆ ಎಂತದೂ ಅನ್ಲಿಲ್ಲ," ಅಂದಳು. ಆ ಮಾತು ಮಂಜಿಗೆ ಸಣ್ಣಿಯ ಬೈಗುಳಕ್ಕಿಂತ ಕೆಟ್ಟದಾಗಿ ಚುಚ್ಚಿತು.

ಹೇಳಲಾಗದವಳು ಮಾಡಲು ಶುರುಮಾಡಿದಳು. ಮೊದಲು ಬುಟ್ಟಿಯಿಂದ ಕೊಟ್ಟೆ ಹೋಯಿತು. ಬೆಳಗಾಗುವ ಮುಂಚೆ ಗುಡ್ಡ ಹತ್ತಿ ಸಾಗವಾನಿ ಎಲೆ ಕೊಯ್ದು ತಂದು, ಮೀನನ್ನು ಮತ್ತೆ ಎಲೆಯಲ್ಲಿ ಕಟ್ಟಿಕೊಡತೊಡಗಿದಳು, ಹೊಳೆಗೆ ಬಿಡುವ ಗಂಟಿಗೂ ಎಲೆಯನ್ನೇ ಹಿಡಿದಳು. ಪೇಟೆಯಲ್ಲಿ ಅನಂತಮೂರ್ತಿ ಮಾಸ್ತರರ ಹೆಂಡತಿ, ಕೊಟ್ಟೆ ಇಲ್ಲದಿದ್ದರೆ ನಿನ್ನ ಮೀನೂ ಬೇಡ ಎಂದರು. ಒಂದು ಪಾತ್ರೆ ತನ್ನಿ ಅಮ್ಮಾ, ಅದರಲ್ಲೇ ಹಾಕುತ್ತೇನೆ ಎಂದು ಮಂಜಿ ಹೊಸಿಲ ಹೊರಗೆ ಅಲುಗದೆ ನಿಂತಳು. ಕೊನೆಗೆ ಅವರು ಅಲ್ಯೂಮಿನಿಯಂ ಪಾತ್ರೆ ತಂದರು, ಬೆಕ್ಕಿಗೆ ಹಾಕುವುದನ್ನೇ ತಂದರು ಅನ್ನಿ. ಎಷ್ಟೋ ಗಿರಾಕಿಗಳು ಬೇರೆಯವರ ಬುಟ್ಟಿಗೆ ಹೋದರು. ಆಮೇಲೆ ನೈಲಾನ್ ಹಗ್ಗ ಇಳಿದು ಹಿತ್ತಿಲಲ್ಲಿ ತೆಂಗಿನ ನಾರಿನ ಕತ್ತದ ಹಗ್ಗ ಏರಿತು. ನೀಲಿ ಕೊಡದ ಜಾಗಕ್ಕೆ ಅಟ್ಟದ ಮೇಲಿದ್ದ ತಾಮ್ರದ ಕೊಡ ಹುಣಸೆಹಣ್ಣು ತಿಕ್ಕಿಸಿಕೊಂಡು ಬಂತು. ಉಪ್ಪಿಗೆ ಮಡಕೆ, ಸಾರು ಬಡಿಸಲು ತೆಂಗಿನ ಗೆರಟೆಯ ಸೌಟು, ಅಂಗಡಿಗೆ ಹಳೆ ಸೀರೆ ಹರಿದು ಹೊಲಿದ ಚೀಲ. ಸಣ್ಣಿಗೆ ಸಂಭ್ರಮ. ನನ್ನ ಕಾಲದ ಮನೆ ವಾಪಸ್ಸು ಬಂತು, ಈಗಾದರೂ ಸೊಸೆಗೆ ಬುದ್ಧಿ ಬಂತು ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು.

ಆದರೆ ಹೊಳೆ ಸುಮ್ಮನಾಗಲಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಭರತ ಬಂದಾಗ ನೀರು ಹಿತ್ತಿಲ ತೆಂಗಿನ ಬುಡದವರೆಗೆ ಏರುತ್ತಿತ್ತು. ಇಳಿದ ಮೇಲೆ ಕೆಸರಿನಲ್ಲಿ ಕೊಟ್ಟೆಗಳು ಬಿದ್ದಿರುತ್ತಿದ್ದವು. ಮೊದಲೂ ಬೀಳುತ್ತಿದ್ದವೇನೋ, ಅವಳು ನೋಡಿರಲಿಲ್ಲ. ಈಗ ನೋಡದೆ ಇರಲಾಗುತ್ತಿರಲಿಲ್ಲ. ಯಾರ್ಯಾರದೋ ಇರುತ್ತಿದ್ದವು, ಅವುಗಳ ನಡುವೆ ಎಡಕ್ಕೆ ಸುತ್ತಿದ ಗಂಟು ತಪ್ಪದೆ ಒಂದಾದರೂ ಇರುತ್ತಿತ್ತು. ಎರಡು ವರ್ಷ ಹಿಂದೆ ಬಿಟ್ಟದ್ದು ನಿನ್ನೆ ಕಟ್ಟಿದ ಹಾಗೆ. ಒಳಗೆ ಕರಿ ನೀರು, ಮುಳ್ಳು. ನಾಗ ಬದುಕಿದ್ದಾಗ ಅವಳು ದಾರಿಯಲ್ಲಿ ಬೀಳಿಸಿದ ತಕ್ಕಡಿಕಲ್ಲೋ ಚೀಲವೋ ಸಿಕ್ಕರೆ ತಂದು ಮುಂದಿಟ್ಟು, "ಅತ್ತಿಗೆ, ನಿಂದೇ ಇದು," ಎಂದು ನಗುತ್ತಿದ್ದ. ಈಗ ಕೆಸರಿನಲ್ಲಿ ಬಗ್ಗಿದಾಗಲೆಲ್ಲ ಅದೇ ಮಾತು ಬೆನ್ನ ಹಿಂದೆ ಕೇಳಿಸುತ್ತಿತ್ತು. ತಿರುಗಿದರೆ ತೆಂಗಿನ ಮರ, ನೀರು, ಹಿತ್ತಿಲ ಬಾಗಿಲಲ್ಲಿ ಕೂತ ಕಮಲಿ. ನೀರಿನ ತಳದಲ್ಲಿ ನಾಗ ಒಂದೊಂದನ್ನೇ ಹೆಕ್ಕಿ ತನಗೆ ತಲುಪಿಸುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಸಿಟ್ಟಿನಿಂದಲ್ಲ, ಹಿಂದಿನ ಹಾಗೇ ನಗುತ್ತ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆ.

ಹೆಂಡತಿಗೆ ಏನೋ ಸೋಕಿದೆ ಎಂದು ಈರನಿಗೆ ಅನುಮಾನ. ಇದ್ದಬದ್ದ ಪ್ಲಾಸ್ಟಿಕ್ಕನ್ನೆಲ್ಲ ಮನೆಯಿಂದ ಹೊರಹಾಕಿ ಹೊಳೆಯ ಕೆಸರು ಕೆದಕುವ ಹೆಂಗಸನ್ನು ಕಂಡರೆ ಯಾರಿಗಾದರೂ ಹಾಗೇ ಅನಿಸುತ್ತದೆ. ದೇವರ ಪಾತ್ರಿಯ ಹತ್ತಿರ ಕರೆದುಕೊಂಡು ಹೋದ. ಪಾತ್ರಿ ಮೈಮೇಲೆ ದೇವರನ್ನು ಬರಿಸಿಕೊಂಡು, ಸತ್ತವನಿಗೆ ಈ ಮನೆಯಿಂದ ಒಂದು ಮಾತು ಬರಬೇಕಾಗಿದೆ, ಬಾರದೆ ಅವನು ಹೋಗುವುದಿಲ್ಲ ಎಂದ. ಪಾತ್ರಿಗಳು ಹತ್ತು ಮನೆಗೆ ಹೇಳುವ ಮಾತೇ ಅದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಮಂಜಿ ಅಲ್ಲೇ ಕುಸಿದು ಕೂತಳು. ಪ್ರಸಾದ ಕೈಯಲ್ಲಿ ಹಿಡಿದುಕೊಂಡು, ನಾಗನ ವರ್ಷಾಂತಿಕದೊಳಗೆ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಳು.

ವರ್ಷಾಂತಿಕಕ್ಕೆ ಕಮಲಿಯ ಅಣ್ಣ ರಮಾನಂದ ಕುಮಟಾದ ಹತ್ತಿರದ ಬಾಡದಿಂದ ಬಂದ. ಸಣ್ಣಿಯೇ ಹೇಳಿಕಳಿಸಿದ್ದಳು. ಕರ್ಮ ಮುಗಿದ ಕೂಡಲೇ ತಂಗಿಯನ್ನು ಕರೆದುಕೊಂಡು ಹೋಗು, ಇಂಥ ಕೈಗುಣದವಳು ಈ ಮನೆಯಲ್ಲಿ ಬೇಡ, ಉಳಿದ ಒಬ್ಬ ಮಗನಾದರೂ ನನಗೆ ಬೇಕು ಎಂದು. ಬಾಡದಲ್ಲೂ ಇವಳನ್ನು ಕಾಯುತ್ತ ಯಾರೂ ಕೂತಿರಲಿಲ್ಲ. ಅಲ್ಲಿನವರದೂ ದೋಣಿಯ ಬದುಕೇ, ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಅಣ್ಣನ ಹೆಂಡತಿ ಕೊಟ್ಟಿಗೆಯ ಪಕ್ಕದ ಕೋಣೆ ಖಾಲಿ ಮಾಡಿಸಿದ್ದಾಳಂತೆ. ರಮಾನಂದ ಅದನ್ನು ಹೇಳುವಾಗ ತಂಗಿಯ ಮುಖ ನೋಡಲಿಲ್ಲ.

ಬೆಳಿಗ್ಗೆ ಎಡೆಯಿಟ್ಟರು. ನಾಗನಿಗೆ ಇಷ್ಟವಾದ ಬಂಗಡೆ ಸಾರು, ಕೆಂಪಕ್ಕಿ ಅನ್ನ, ಬಾಳೆಲೆಯ ಮೇಲೆ. ಕಾಗೆ ಬಂದು ಮುಟ್ಟಬೇಕು. ಬಿಸಿಲು ನೆತ್ತಿಗೆ ಬಂದರೂ ಒಂದೂ ಬರಲಿಲ್ಲ. ಬೇಲಿಯ ಮೇಲೆ ನಾಲ್ಕು ಕೂತಿದ್ದವು, ಎಡೆಯ ಕಡೆ ನೋಡುತ್ತಲೇ ಇದ್ದವು. ಸಣ್ಣಿ ಕಮಲಿಯನ್ನು ಒಳಗೆ ಹೋಗು ಎಂದಳು, ಇವಳ ನೆರಳಿಗೇ ಅವು ಇಳಿಯುತ್ತಿಲ್ಲ ಎಂದಳು. ಕಮಲಿ ಎದ್ದು ಒಳಗೆ ಹೋದಳು. ಆಗಲೂ ಕಾಗೆ ಇಳಿಯಲಿಲ್ಲ. ಕೊನೆಗೆ ಈರ ಎಡೆಯನ್ನು ಎತ್ತಿ ನೀರಿಗೆ ಬಿಟ್ಟು ಬಂದ.

ಮೂರು ಗಂಟೆಯ ಬಸ್ಸಿಗೆ ಹೊರಡಬೇಕಿತ್ತು. ರಮಾನಂದ ಟ್ರಂಕನ್ನು ಎತ್ತಿಕೊಂಡ. ಕಮಲಿ ಅತ್ತೆಯ ಕಾಲಿಗೆ ಬಾಗಲು ಹೋದಳು, ಸಣ್ಣಿ ಕಾಲು ಹಿಂದಕ್ಕೆಳೆದುಕೊಂಡಳು. ಅದನ್ನು ಕಂಡ ಮಂಜಿಗೆ ಇನ್ನು ನಿಲ್ಲಲಾಗಲಿಲ್ಲ. ಅಂಗಳದ ನಡುವೆ ಬಂದು ಟ್ರಂಕಿನ ಹಿಡಿಕೆ ಹಿಡಿದಳು.

"ಅವ್ಳು ಗುಡ್ಸದ್ದಕ್ಕಲ್ಲ ನಾಗ ಹೋದ್ದು," ಎಂದಳು. "ನಾ ಬಿಟ್ಟ ಕೊಟ್ಟೆಗೆ ಹೋದ್ದು."

ಆಮೇಲೆ ಎಲ್ಲವನ್ನೂ ಹೇಳಿದಳು. ಹಿಂದಿನ ಸಂಜೆ ಇಳಿತಕ್ಕೆ ಬಿಟ್ಟದ್ದು, ಫ್ಯಾನಿನ ಬುಡದಲ್ಲಿ ಕಂಡದ್ದು, ಗಂಟು ಎಡಕ್ಕಿದ್ದದ್ದು, ಬಂಗಡೆಯ ತಲೆ, ಹಲ್ಲಿನಿಂದ ಕಿತ್ತದ್ದು, ಒಲೆಗೆ ತುರುಕಿದ್ದು. ಹೇಳುವಾಗ ಯಾರ ಮುಖವನ್ನೂ ನೋಡದೆ ಟ್ರಂಕಿನ ಬೀಗವನ್ನೇ ನೋಡುತ್ತಿದ್ದಳು. ಒಂದು ವರ್ಷ ತಾನು ಬಾಯಿ ಮುಚ್ಚಿಕೊಂಡಿದ್ದೆ, ಇವಳು ನೀರಿಗೆ ಇಳಿದಾಗಲೂ ಮುಚ್ಚಿಕೊಂಡಿದ್ದೆ ಎಂದಳು. ತನಗೆ ಗಂಡ ಬೇಕಿತ್ತು, ಮನೆ ಬೇಕಿತ್ತು, ಅದಕ್ಕೆ ಮುಚ್ಚಿಕೊಂಡಿದ್ದೆ ಎಂದೂ ಹೇಳಿದಳು.

ರಮಾನಂದ ಟ್ರಂಕನ್ನು ಕೆಳಗಿಟ್ಟ. ಈರ ಎದ್ದು ನಿಂತ. ಹೊಡೆಯುತ್ತಾನೆ ಎಂದು ಮಂಜಿ ಕಾದಳು. ಹೊಡೆದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ತನ್ನ ಬಲಗೈಯನ್ನು ಒಮ್ಮೆ ಬಿಚ್ಚಿ ನೋಡಿಕೊಂಡು, ಮಡಚಿ, ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಸಣ್ಣಿಯ ತುಟಿ ಅಲುಗುತ್ತಿತ್ತು. ಬೀದಿಯನ್ನೆಲ್ಲ ಒಂದು ವರ್ಷ ಆಳಿದ ಬಾಯಿ ಅದು. ತಾನೇ ಕಲಿಸಿದ ಪದ್ಧತಿ, ತಾನೇ ಹೊರಿಸಿದ ಅಪವಾದ, ಎರಡರಲ್ಲಿ ಯಾವುದನ್ನು ಮೊದಲು ನುಂಗಬೇಕೆಂದು ತಿಳಿಯದೆ ಆ ಮುದುಕಿ ನೆಲದ ಮೇಲೆ ಕೂತಳು.

ಕಮಲಿ ಮಾತ್ರ ನಿಂತೇ ಇದ್ದಳು. ಮಂಜಿ ಈ ಗಳಿಗೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಕಂಡಿದ್ದಳು. ಒಮ್ಮೊಮ್ಮೆ ಕಮಲಿ ಶಾಪ ಹಾಕುತ್ತಿದ್ದಳು, ಒಮ್ಮೊಮ್ಮೆ ತಬ್ಬಿಕೊಂಡು ಅಳುತ್ತಿದ್ದಳು. ಈಗ ಅವಳು ಎರಡನ್ನೂ ಮಾಡಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ಹುಬ್ಬು ಗಂಟಿಕ್ಕಿ ಹೊಳೆಯ ಕಡೆ ನೋಡಿದಳು.

"ಅಂಥದ್ದು ಎಷ್ಟ್ ಬಿಟ್ಟಿದ್ದೆ ಅಕ್ಕ?"

"ಮೂರು ವರ್ಷ. ದಿನಾ ಒಂದು."

"ನೀ ಹೆಕ್ಕಿದ್ದು?"

ಮಂಜಿ ಬೆರಳು ಮಡಚಿ ಎಣಿಸಿದಳು. ಹುಣ್ಣಿಮೆಗೆ ಎರಡು, ಅಮಾವಾಸ್ಯೆಗೆ ಮೂರು. ಹೆಕ್ಕಿದ್ದನ್ನು ಹಾಕಿಟ್ಟ ಹಿತ್ತಿಲ ಮೂಲೆಯ ಗೋಣಿಚೀಲ ಅರ್ಧವೂ ತುಂಬಿರಲಿಲ್ಲ.

"ಹಂಗಾರೆ ಉಳ್ದದ್ದೆಲ್ಲ ಇನ್ನೂ ಅಲ್ಲೇ ಅದೆ," ಎಂದಳು ಕಮಲಿ.

ಅಲ್ಲೇ ಇವೆ. ಒಂದು ವರ್ಷದಿಂದ ಮಂಜಿ ಎಲೆ ಕೊಯ್ದಳು, ಹಗ್ಗ ಬದಲಿಸಿದಳು, ಮನೆಯಲ್ಲಿ ಒಂದು ಚೂರು ಪ್ಲಾಸ್ಟಿಕ್ ಇಲ್ಲದಂತೆ ಮಾಡಿದಳು. ಈರ ದಿನಾ ಬೆಳಿಗ್ಗೆ ಅದೇ ಮೋಟಾರು ತಿರುಗಿಸಿ ಅದೇ ಅಳಿವೆ ದಾಟುತ್ತಿದ್ದ. ಸತ್ತವನು ಬೆನ್ನ ಹಿಂದೆ ನಿಂತು ವರ್ಷವಿಡೀ ಹೇಳುತ್ತಿದ್ದದ್ದು ಇದನ್ನೇ ಇರಬಹುದೆಂದು ಅವಳಿಗೆ ಈಗ ಹೊಳೆಯಿತು. ಅವಳು ತನ್ನ ಪಾಪದ ಭಯದಲ್ಲಿ ಮುಳುಗಿದ್ದಳು. ನೀರಿನೊಳಗೆ ಇನ್ನೂ ಏನಿದೆ, ಅದರ ಮೇಲೆ ಯಾರು ಹೋಗುತ್ತಿದ್ದಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಟ್ರಂಕಿನ ಮೇಲೆಯೇ ಕೂತಳು.

"ನಾಳೆ ಭಾವ ಎಷ್ಟೊತ್ತಿಗೆ ದೋಣಿ ಇಳಿಸ್ತ್ರು?" ಕಮಲಿ ಕೇಳಿದಳು.

"ಬೆಳಿಗ್ಗೆ, ಬೆಳಕು ಹರಿಯೂಕೆ ಮುಂಚೆ."

"ಹಂಗಾರೆ ಇವತ್ತಿನ ಇಳ್ತದಲ್ಲೇ ಹೆಕ್ಬೇಕು."

ಅಣ್ಣನಿಗೆ, ನೀನು ಹೋಗು, ಬಸ್ಸು ತಪ್ಪುತ್ತದೆ ಎಂದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲು ದಾಟಿ ಕೆಸರಿಗೆ ಇಳಿದಳು. ನೀರು ಆಗಷ್ಟೇ ಜಾರತೊಡಗಿತ್ತು. ಹೊಳೆಯಂಚಿನ ಕಾಂಡ್ಲ ಗಿಡಗಳ ಬೇರುಗಳ ನಡುವೆ ಬಗ್ಗಿ, ಕೈಯನ್ನು ಮೊಣಕೈಯವರೆಗೆ ಕೆಸರಿಗೆ ಹಾಕಿ ತಡಕಿದಳು. ಒಂದು ಸಿಕ್ಕಿತು. ಎಳೆದಳು, ಬರಲಿಲ್ಲ, ಎರಡೂ ಕೈ ಹಾಕಿ ಎಳೆದಳು.

ಮಂಜಿ ಗೋಣಿಚೀಲ ತೆಗೆದುಕೊಂಡು ಹಿಂದೆ ಹೋದಳು. ಹತ್ತಿರ ಹೋಗಲು ಧೈರ್ಯ ಸಾಲದೆ ನಾಲ್ಕು ಮಾರು ದೂರದಲ್ಲಿ ಬಗ್ಗಿದಳು. ಸ್ವಲ್ಪ ಹೊತ್ತಿಗೆ ಜಗಲಿಯಿಂದ ಈರ ಇಳಿದು ಬಂದ, ಹೆಂಡತಿಯ ಪಕ್ಕಕ್ಕಲ್ಲ, ಇನ್ನೊಂದು ದಿಕ್ಕಿಗೆ. ಯಾರೂ ಯಾರನ್ನೂ ಕ್ಷಮಿಸಿರಲಿಲ್ಲ. ಕಮಲಿ ತನ್ನ ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿ ನೋಡದೆ ಹಿಂದಕ್ಕೆ ಚಾಚುತ್ತಿದ್ದಳು, ಮಂಜಿ ಹೋಗಿ ತೆಗೆದುಕೊಂಡು ಚೀಲಕ್ಕೆ ಹಾಕುತ್ತಿದ್ದಳು. ಮತ್ತೆ ಭರತ ಏರಿ ಮೊಣಕಾಲಿಗೆ ನೀರು ಬರುವವರೆಗೂ ಕಮಲಿ ಎದ್ದು ನಿಲ್ಲಲಿಲ್ಲ.